ಹಸಿರು ಲೈಟ್ ಉರೀತಾನೇ ಇತ್ತು, ಡಿಸ್ಕ್ ಹೋಯ್ತು!

ಪ್ರಶ್ನೆ: ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಹಳೆಯ ಸರ್ವರ್, ಅದರಲ್ಲಿ ಡಿಸ್ಕುಗಳನ್ನು ಒಟ್ಟುಗೂಡಿಸುವ ಮೆಗಾರೈಡ್ ಕಾರ್ಡ್, ನಾಲ್ಕು ಸಾಟಾ ಡಿಸ್ಕ್, ರೈಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ), ಮೇಲೆ ಉಬುಂಟು ಲಿನಕ್ಸ್. ಹೋದ ತಿಂಗಳು ಒಂದು ಡಿಸ್ಕ್ ಇದ್ದಕ್ಕಿದ್ದ ಹಾಗೆ ಕೈಕೊಟ್ಟಿತು. ಹೊಸದು ಹಾಕಿ ರೀಬಿಲ್ಡ್ (ಉಳಿದ ಡಿಸ್ಕುಗಳಿಂದ ಡೇಟಾ ಮತ್ತೆ ಕಟ್ಟುವುದು) ಆಗುವಾಗ ಇನ್ನೊಂದರಲ್ಲೂ ಎರರ್ ಬಂತು. ಪುಣ್ಯಕ್ಕೆ ಬ್ಯಾಕಪ್ ಇತ್ತು. ಮುಂಚೆಯೇ ತಿಳಿಯಲಿ ಅಂತ ಈಗ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ಲೆಕ್ಕ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿದರೆ ಡಿಸ್ಕೇ ಕಾಣುವುದಿಲ್ಲ, ಕಾರ್ಡಿನ ವಿಷಯ ಏನೋ ಹೇಳಿ ಸುಮ್ಮನಾಗುತ್ತದೆ. ಏನು ಮಾಡಲಿ ಸಾರ್?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ತಪ್ಪೇನಿಲ್ಲ. ಕಾರ್ಡಿನ ಕೆಲಸವೇ ಅದು. ನಾಲ್ಕು ಡಿಸ್ಕನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಲಿನಕ್ಸ್‌ಗೆ ಒಂದೇ ದೊಡ್ಡ ಡಿಸ್ಕ್ ಇದೆ ಅಂತ ನಂಬಿಸುತ್ತದೆ. ಎಸ್‌ಡಿಎ ಅಂತ ನೀವು ನೋಡುತ್ತಿರುವುದು ಆ ನಂಬಿಸಿದ ಡಿಸ್ಕನ್ನು. ಅದಕ್ಕೆ ತಟ್ಟೆಯೂ ಇಲ್ಲ, ಮೋಟಾರೂ ಇಲ್ಲ, ಆರೋಗ್ಯ ಎಲ್ಲಿಂದ ಬರಬೇಕು? ಆ ಮೆಸೇಜನ್ನು ಪೂರ್ತಿ ಓದಿ, ಪರಿಹಾರ ಅದರಲ್ಲೇ ಇರುತ್ತದೆ. ಮೈನಸ್ ಡಿ ಹಾಕಿ, ಮೆಗಾರೈಡ್ ಅಂತ ಬರೆದು, ಕಾಮಾ ಆದಮೇಲೆ ಡಿಸ್ಕಿನ ನಂಬರು ಕೊಡಬೇಕು. ಆಗ ಕಾರ್ಡನ್ನು ದಾಟಿ ನೇರ ಆ ಡಿಸ್ಕಿಗೇ ಪ್ರಶ್ನೆ ಹೋಗುತ್ತದೆ.

ಜನ ಸಿಕ್ಕಿಕೊಳ್ಳುವುದು ಈ ನಂಬರಿನಲ್ಲಿ. ಇದು ಮುಂದುಗಡೆ ಕಾಣುವ ಸ್ಲಾಟ್ ನಂಬರಲ್ಲ, ಕಾರ್ಡ್ ತಾನೇ ಕೊಟ್ಟುಕೊಂಡ ಡಿವೈಸ್ ಐಡಿ. 8, 9, 11 ಹೀಗೆ ಏನು ಬೇಕಾದರೂ ಇರಬಹುದು. ಸ್ಟೋರ್‌ಸಿಎಲ್‌ಐ ಅನ್ನುವ ಕಾರ್ಡಿನ ಟೂಲ್ ಹಾಕಿಕೊಂಡು ಡ್ರೈವ್ ಪಟ್ಟಿ ತೆಗೆದರೆ ‘ಡಿಐಡಿ’ ಅನ್ನುವ ಕಾಲಮಿನಲ್ಲಿ ಸಿಗುತ್ತದೆ. ಡಿಸ್ಕ್ ಬದಲಿಸಿದಾಗ ಈ ನಂಬರೂ ಬದಲಾಗಬಹುದು, ಹಾಗಾಗಿ ಹಳೆಯ ಚೀಟಿ ನೋಡಿ ಟೈಪ್ ಮಾಡಬೇಡಿ.

ಆ ನಂಬರು ಕೊಟ್ಟು ಡಿಸ್ಕಿನ ಸ್ಮಾರ್ಟ್ ಪಟ್ಟಿ ಬಂತು ಅಂತಿಟ್ಟುಕೊಳ್ಳಿ. ಮೇಲೆ ‘ಪಾಸ್ಡ್’ ಅಂತ ಬರೆದಿರುವುದನ್ನು ನೋಡಿ ಹಿಗ್ಗಬೇಡಿ. ಡಿಸ್ಕ್ ತಯಾರಿಸಿದವರೇ ಇಟ್ಟ ಗೆರೆ ದಾಟಿಲ್ಲ ಅನ್ನುವುದಷ್ಟೇ ಅದರ ಅರ್ಥ, ಆ ಗೆರೆಯೋ ತುಂಬಾ ಧಾರಾಳ. ನೋಡಬೇಕಾದ್ದು ಕೆಳಗಿನ ಸಾಲುಗಳನ್ನು: 5, 187, 188, 197, 198. ರಾಶಿಗಟ್ಟಲೆ ಡಿಸ್ಕ್ ಓಡಿಸುವ ಬ್ಯಾಕ್‌ಬ್ಲೇಜ್ ಕಂಪನಿಯವರು ಕಣ್ಣಿಟ್ಟಿರುವುದೂ ಈ ಐದರ ಮೇಲೆಯೇ. 5 ಅಂದರೆ ಕೆಟ್ಟ ಸೆಕ್ಟರಿಗೆ (ಡೇಟಾ ಕೂರುವ ಸಣ್ಣ ತುಂಡಿಗೆ) ಬದಲಿ ಕೊಟ್ಟ ಲೆಕ್ಕ. 197 ಅಂದರೆ ಓದಲಾಗದೆ ಬಾಕಿ ಉಳಿದಿರುವ ಸೆಕ್ಟರುಗಳು. ನನಗೆ ಜಾಸ್ತಿ ಭಯ ಈ 197 ಕಂಡರೆ. ಕೊನೆಯ ರಾ ವ್ಯಾಲ್ಯೂ ಕಾಲಮ್ ಸೊನ್ನೆ ಇರಬೇಕು. ಸಾಲು 5ರಲ್ಲಿ 8 ಇದ್ದು ವರ್ಷವಿಡೀ 8ರಲ್ಲೇ ನಿಂತಿದ್ದರೆ ನಾನು ಸುಮ್ನಿರ್ತೀನಿ, ವಾರದಲ್ಲಿ 8 ಹೋಗಿ 40 ಆದರೆ ಅಂಗಡಿಗೆ ಫೋನ್ ಮಾಡ್ತೀನಿ. 199 ಏರುತ್ತಿದ್ದರೆ ಮೊದಲು ಕೇಬಲ್, ಬ್ಯಾಕ್‌ಪ್ಲೇನ್ (ಡಿಸ್ಕ್ ಸಿಕ್ಕಿಸುವ ಬೋರ್ಡ್) ನೋಡಿ. ಸೀಗೇಟ್ ಡಿಸ್ಕಿನಲ್ಲಿ ಮೊದಲನೇ ಸಾಲು ಕೋಟಿಗಟ್ಟಲೆ ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ, ಅವರ ಲೆಕ್ಕ ಬರೆಯುವ ರೀತಿಯೇ ಹಾಗೆ.

ಈಗ ನಿಮ್ಮ ಎರಡನೇ ಡಿಸ್ಕಿನ ವಿಷಯ. ಅದು ರೀಬಿಲ್ಡ್ ದಿನವೇ ಕೆಟ್ಟಿತು ಅಂದುಕೊಂಡಿದ್ದೀರಿ, ಅಲ್ವಾ? ಬಹುಶಃ ಎಷ್ಟೋ ತಿಂಗಳ ಹಿಂದೆಯೇ ಕೆಟ್ಟಿತ್ತು. ಮೂರು ವರ್ಷದ ಹಿಂದಿನ ಮದುವೆ ಕಾರ್ಡಿನ ಫೈಲನ್ನು ಯಾರು ತೆಗೆದು ನೋಡುತ್ತಾರೆ ಹೇಳಿ, ಅದು ಕೂತ ಸೆಕ್ಟರ್ ಹಾಳಾದರೂ ಯಾರಿಗೂ ಗೊತ್ತಾಗುವುದಿಲ್ಲ, ರೀಬಿಲ್ಡ್ ಮಾಡುವಾಗ ಮಾತ್ರ ಉಳಿದ ಮೂರೂ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಓದಲೇಬೇಕು, ಹುಳುಕು ಹೊರಬೀಳುವುದು ಆಗಲೇ. ಇದಕ್ಕೇ ಕಾರ್ಡಿನಲ್ಲಿ ಪ್ಯಾಟ್ರೋಲ್ ರೀಡ್ (ಗಸ್ತು ಓದು) ಅಂತ ಒಂದಿದೆ. ಬಿಡುವಿನಲ್ಲಿ ಡಿಸ್ಕನ್ನೆಲ್ಲ ಓದಿ ನೋಡುತ್ತದೆ. ಮಾಮೂಲಿಯಾಗಿ 168 ಗಂಟೆಗೊಮ್ಮೆ, ಅಂದರೆ ವಾರಕ್ಕೊಮ್ಮೆ. ಸರ್ವರ್ ನಿಧಾನ ಆಯಿತು ಅಂತ ಯಾರೋ ಆಫ್ ಮಾಡಿರುತ್ತಾರೆ, ಮೊದಲು ಅದನ್ನು ನೋಡಿ. ಸ್ಟೋರ್‌ಸಿಎಲ್‌ಐನಲ್ಲೇ ಮೀಡಿಯಾ ಎರರ್, ಪ್ರಿಡಿಕ್ಟಿವ್ ಫೇಲ್ಯೂರ್ ಲೆಕ್ಕವೂ ಸಿಗುತ್ತದೆ. ಹಸಿರು ಲೈಟ್ ಇದ್ದರೂ ಇವು ಏರುತ್ತಿರಬಹುದು.

ದಿನಾ ಟೈಪ್ ಮಾಡುತ್ತಾ ಕೂರಬೇಕಿಲ್ಲ. ಹಿನ್ನೆಲೆಯಲ್ಲಿ ತಾನೇ ಡಿಸ್ಕ್ ನೋಡಿಕೊಳ್ಳುವ ಸ್ಮಾರ್ಟ್‌ಡಿ ಕಾನ್ಫಿಗ್ ಫೈಲಿನಲ್ಲಿ ಡಿಸ್ಕಿಗೊಂದು ಸಾಲು ಬರೆದು, ದಿನಾ ರಾತ್ರಿ ಶಾರ್ಟ್ ಟೆಸ್ಟ್, ಶನಿವಾರ ಲಾಂಗ್ ಟೆಸ್ಟ್ ಇಡಿ. ಮೇಲ್ ವಿಳಾಸ ಕೊಟ್ಟು, ಟೆಸ್ಟ್ ಮೇಲ್ ಬಂತಾ ಅಂತ ಕಣ್ಣಾರೆ ನೋಡಿ. ನಾನೊಮ್ಮೆ ಎಲ್ಲ ಹಾಕಿ ನೆಮ್ಮದಿಯಾಗಿದ್ದೆ. ಆರು ತಿಂಗಳಾದ ಮೇಲೆ ನೋಡಿದರೆ ಎಚ್ಚರಿಕೆಗಳೆಲ್ಲ ಅದೇ ಸರ್ವರಿನ ರೂಟ್ ಮೇಲ್‌ಬಾಕ್ಸಿನಲ್ಲಿ ಕೊಳೆಯುತ್ತಿದ್ದವು!

ಇಷ್ಟೆಲ್ಲ ಮಾಡಿದರೂ ಕೆಲವು ಡಿಸ್ಕ್ ಹೇಳದೇ ಹೋಗುತ್ತವೆ. 2007ರಲ್ಲಿ ಗೂಗಲ್‌ನವರು ತಮ್ಮ ಡಿಸ್ಕ್‌ಗಳ ಬಗ್ಗೆ ಪ್ರಬಂಧ ಬರೆದಿದ್ದರು. ಕೆಟ್ಟವುಗಳಲ್ಲಿ ಶೇ. 56ಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಬ್ಯಾಕಪ್ ನಿಲ್ಲಿಸಬೇಡಿ.

ಪ್ರಶ್ನೆ: ನನ್ನದು ಎಚ್‌ಪಿ ಸರ್ವರ್, ಸ್ಮಾರ್ಟ್ ಅರೇ ಕಾರ್ಡ್, ಸಾಸ್ ಡಿಸ್ಕ್. ನೀವು ಹೇಳುವ 5, 197 ಎಲ್ಲೂ ಇಲ್ಲವಲ್ಲ?
– ಓದುಗರು, ಹುಬ್ಬಳ್ಳಿ

ಉತ್ತರ: ಇರುವುದಿಲ್ಲ. ಆ ಪಟ್ಟಿ ಸಾಟಾದವರದ್ದು, ಸಾಸ್ ಬೇರೆ ಬಗೆಯ ಡಿಸ್ಕ್. ಮೆಗಾರೈಡ್ ಬದಲು ಸಿಸಿಐಎಸ್‌ಎಸ್ ಅಂತ ಕೊಡಿ, ನಂಬರು 0ಯಿಂದ ಶುರು. ಸಾಸ್‌ನಲ್ಲಿ ‘ಗ್ರೋನ್ ಡಿಫೆಕ್ಟ್ ಲಿಸ್ಟ್’ (ಬಳಸುತ್ತಾ ಕೆಟ್ಟ ಜಾಗಗಳ ಲೆಕ್ಕ) ಎಷ್ಟಿದೆ ನೋಡಿ, ಜೊತೆಗೆ ಅನ್‌ಕರೆಕ್ಟೆಡ್ ಎರರ್ ಕಾಲಮ್. ಎರಡೂ ಸೊನ್ನೆ ಇದ್ದರೆ ಆರಾಮಾಗಿರಿ.

ಪ್ರಶ್ನೆ: ಒಂದು ಡಿಸ್ಕಿನ 197 ದಿನಾ ಏರುತ್ತಿದೆ. ಆದರೆ ನಾಲ್ಕರಲ್ಲಿ ಯಾವುದನ್ನು ಎಳೆಯಲಿ?
– ಓದುಗರು, ಉಡುಪಿ

ಉತ್ತರ: ಊಹೆ ಮಾಡಿ ಮಾತ್ರ ಎಳೆಯಬೇಡಿ. ಸ್ಮಾರ್ಟ್‌ಸಿಟಿಎಲ್ ತೋರಿಸುವ ಸೀರಿಯಲ್ ನಂಬರು ಬರೆದುಕೊಳ್ಳಿ, ಸ್ಟೋರ್‌ಸಿಎಲ್‌ಐನಲ್ಲಿ ಅದೇ ಸೀರಿಯಲ್ ಯಾವ ಸ್ಲಾಟಿನಲ್ಲಿದೆ ಹುಡುಕಿ, ಆ ಸ್ಲಾಟಿಗೆ ‘ಸ್ಟಾರ್ಟ್ ಲೊಕೇಟ್’ ಕೊಡಿ. ಲೈಟ್ ಮಿಣುಕುತ್ತದೆ. ಬ್ಯಾಕಪ್ ಮುಗಿಸಿ, ಅದನ್ನು ಆಫ್‌ಲೈನ್ ಮಾಡಿ, ಆಮೇಲೆ ತೆಗೆಯಿರಿ. ಕೈಗೆ ಬಂದ ಡಿಸ್ಕಿನ ಲೇಬಲ್ ಮೇಲಿನ ಸೀರಿಯಲ್ ನಂಬರನ್ನು ಇನ್ನೊಮ್ಮೆ ತಾಳೆ ನೋಡಿ, ಆಮೇಲೆ ಹೊಸದು ಹಾಕಿ.