ಸೋರುವ ಹಳೆಯ ಅಕ್ವೇರಿಯಂಗೆ ಹೊಸ ಸಿಲಿಕೋನ್

ಪ್ರಶ್ನೆ: ಪರಿಚಯದವರು ಮನೆ ಬದಲಿಸುವಾಗ ಕೊಟ್ಟ ಗಾಜಿನ ಅಕ್ವೇರಿಯಂ ಒಂದು ನಮ್ಮಲ್ಲಿದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರವಿದ್ದು, ಬಹಳ ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಖಾಲಿ ಬಿದ್ದಿತ್ತು. ನೀರು ತುಂಬಿದರೆ ಒಂದು ಮೂಲೆಯಿಂದ ಹನಿ ಹನಿಯಾಗಿ ಸೋರುತ್ತದೆ. ನಮ್ಮ ಮಾಮಾ ಹೊರಗಿನಿಂದ ಸಿಲಿಕೋನ್ ಹಚ್ಚಿದರೂ ನಿಲ್ಲಲಿಲ್ಲ. ಆ ಮೂಲೆಗಷ್ಟೇ ಒಳಗಿನಿಂದಲೂ ಹಚ್ಚಿದರೆ ಸಾಕೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಸಾಕಾಗುವುದಿಲ್ಲ. ಗಟ್ಟಿಯಾದ ಹಳೆಯ ಸಿಲಿಕೋನಿನ ಮೇಲೆ ಹೊಸದು ಭದ್ರವಾಗಿ ಕೂರುವುದಿಲ್ಲ. ಅದಕ್ಕೆ ಬೇಕಾದುದು ಶುಚಿಯಾದ, ಒಣಗಿದ ಗಾಜು. ಹೊರಗಿನ ತೇಪೆಯನ್ನಂತೂ ಒಳಗಿನ ನೀರಿನ ಒತ್ತಡ ಸದಾ ಹೊರಕ್ಕೇ ದೂಡುತ್ತಿರುತ್ತದೆ. ಆದ್ದರಿಂದ ಒಳಗಿನ ಅಂಚುಗಳೆಲ್ಲದರ ಹಳೆಯ ಸಿಲಿಕೋನ್ ತೆಗೆದು, ಎಲ್ಲವನ್ನೂ ಒಂದೇ ಸಲಕ್ಕೆ ಹೊಸದಾಗಿ ಹಚ್ಚುವುದೇ ಸರಿಯಾದ ದಾರಿ.

ಕೆಲಸಕ್ಕೆ ಕೈಹಾಕುವ ಮುನ್ನ ಎರಡು ಗಾಜುಗಳು ಕೂಡುವ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಅಲ್ಲಿರುವ ತೆಳುವಾದ ಸಿಲಿಕೋನೇ ಗಾಜುಗಳನ್ನು ಹಿಡಿದು ನಿಲ್ಲಿಸಿರುವುದು. ಒಳಮೂಲೆಯ ದಪ್ಪ ಪಟ್ಟಿ ನೀರನ್ನು ತಡೆಯುವುದಕ್ಕಾಗಿ ಇರುವುದು. ಸಂದಿಯಲ್ಲಿ ಅಂಚಿನವರೆಗೆ ಹಬ್ಬಿದ ಗುಳ್ಳೆಗಳಾಗಲಿ ಬೆಳ್ಳಗೆ ಬಿಟ್ಟುಕೊಂಡ ಜಾಗವಾಗಲಿ ಕಂಡರೆ, ಗಾಜುಗಳನ್ನು ಪೂರ್ತಿ ಬಿಚ್ಚಿ ಮತ್ತೆ ಕೂಡಿಸಬೇಕಾಗುತ್ತದೆ. ಅದನ್ನು ಅಕ್ವೇರಿಯಂ ಕಟ್ಟುವವರಿಗೇ ಬಿಡುವುದು ಒಳ್ಳೆಯದು. ನಿಮ್ಮ ತೊಟ್ಟಿ ತುಂಬಿದಾಗ ಸುಮಾರು 70 ಲೀಟರ್, ಅಂದರೆ 70 ಕಿಲೊ ನೀರನ್ನು ಹೊರುತ್ತದೆ ಎಂಬುದನ್ನು ಮರೆಯಬಾರದು.

ಸಂದಿ ಗಟ್ಟಿಯಾಗಿದ್ದರೆ, ಒಳಪಟ್ಟಿಯನ್ನು ಹೊಸ ಬ್ಲೇಡಿನಿಂದ ಗಾಜಿಗೆ ಒರಗಿಸಿ ಕೊಯ್ದು ತೆಗೆಯಿರಿ. ಬ್ಲೇಡ್ ಸಂದಿಯೊಳಗೆ ಇಳಿಯದಿರಲಿ. ಬೋರ್‌ವೆಲ್ ನೀರಿನ ಬಿಳಿ ಕಲೆಗಳನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ತೆಗೆದು, ತೊಳೆದು, ಒಣಗಿಸಿದ ಮೇಲೆ ಅಂಚುಗಳನ್ನು ಅಸಿಟೋನಿನಿಂದ ಒರೆಸಿರಿ. ಅದು ಬೇಗ ಬೆಂಕಿ ಹಿಡಿಯುವ ದ್ರವವಾದ್ದರಿಂದ ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಒರೆಸಿದ ಗಾಜಿನ ಮೇಲೆ ಬೆರಳಾಡಿಸಿದರೆ ಜಿಡ್ಡು ಮತ್ತೆ ಅಂಟುತ್ತದೆ.

ಅಂಗಡಿಯಲ್ಲಿ ಅಕ್ವೇರಿಯಂಗೆಂದೇ ಬರೆದಿರುವ, ನೂರಕ್ಕೆ ನೂರು ಸಿಲಿಕೋನ್ ಆಗಿರುವ ಟ್ಯೂಬನ್ನೇ ಕೇಳಿರಿ. ಬಚ್ಚಲುಮನೆಗೆ ಬಳಸುವ ಸಿಲಿಕೋನಿನಲ್ಲಿ ಬೂಸ್ಟು ಹಿಡಿಯದಂತೆ ಸೇರಿಸುವ ಔಷಧಿ ಮೀನುಗಳಿಗೆ ವಿಷವಾಗಬಲ್ಲದು. ಮೂಲೆಯ ಎರಡೂ ಬದಿಗೆ ಟೇಪ್ ಅಂಟಿಸಿ, ಟ್ಯೂಬನ್ನು ಒತ್ತುವ ಗನ್ನಿನಿಂದ ಸಿಲಿಕೋನನ್ನು ಎಡೆಬಿಡದೆ ಎಳೆದು, ಒಂದೇ ಸವರಿಗೆ ಬೆರಳಿನಿಂದ ಒತ್ತಿ ನಯಗೊಳಿಸಿ, ಮೇಲೆ ಪೊರೆ ಕಟ್ಟುವುದರೊಳಗೆ, ಅಂದರೆ ಸುಮಾರು ಐದು ನಿಮಿಷದೊಳಗೆ, ಟೇಪನ್ನು ಕಿತ್ತುಬಿಡಬೇಕು. ತಡವಾದರೆ ಟೇಪಿನ ಜೊತೆಗೆ ಸಿಲಿಕೋನಿನ ಅಂಚೂ ಎದ್ದು ಬರುತ್ತದೆ.

ನಮ್ಮ ಭಾಗದವರು ಹೆಚ್ಚಾಗಿ ತಪ್ಪುವುದು ಇದರ ನಂತರ. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ಎಂದು ನಾನೂ ಒಂದು ಏಪ್ರಿಲ್‌ನಲ್ಲಿ ನಂಬಿ, ಎರಡೇ ದಿನಕ್ಕೆ ನೀರು ತುಂಬಿ, ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಯಿತು. ಸಿಲಿಕೋನ್ ಗಟ್ಟಿಯಾಗುವುದು ಬಣ್ಣದಂತೆ ಒಣಗಿ ಅಲ್ಲ, ಗಾಳಿಯಲ್ಲಿರುವ ತೇವವನ್ನು ಹೀರಿ. ಕಲಬುರಗಿಯ ಬೇಸಿಗೆಯ ಒಣಗಾಳಿಯಲ್ಲಿ ಮೇಲ್ಪದರ ಗಟ್ಟಿಯಾಗಿ ಕಂಡರೂ ಒಳಗೆ ಹಸಿಯಾಗಿಯೇ ಉಳಿದಿರುತ್ತದೆ. ತೊಟ್ಟಿಯನ್ನು ನೆರಳಿನ ಕೋಣೆಯಲ್ಲಿಟ್ಟು, ಹತ್ತಿರ ಒದ್ದೆ ಬಟ್ಟೆ ನೇತುಹಾಕಿ, ಕನಿಷ್ಠ ಒಂದು ವಾರ ಕಾಯಿರಿ. ಮೂಗಿಟ್ಟಾಗ ವಿನೆಗರಿನಂತಹ ಹುಳಿ ವಾಸನೆ ಇನ್ನೂ ಬರುತ್ತಿದ್ದರೆ ಮತ್ತಷ್ಟು ದಿನ ಬೇಕೆಂದೇ ಅರ್ಥ.

ಪರೀಕ್ಷೆಗೆ ತೊಟ್ಟಿಯನ್ನು ಸಮತಟ್ಟಾದ ಜಾಗದಲ್ಲಿ ಇಡಬೇಕು. ಶಹಾಬಾದ್ ಕಲ್ಲಿನ ನೆಲ ನೋಟಕ್ಕೆ ಸಮವಾಗಿದ್ದರೂ ಏರುತಗ್ಗುಗಳಿರುವುದರಿಂದ ಕೆಳಗೆ ದಪ್ಪ ಹಲಗೆ, ಅದರ ಮೇಲೆ ಥರ್ಮಾಕೋಲ್ ಹಾಳೆ ಹಾಸಿ, ಅಂಚುಗಳ ಸುತ್ತ ವೃತ್ತಪತ್ರಿಕೆ ಇರಿಸಿರಿ. ಮೊದಲ ದಿನ ಕಾಲುಭಾಗ, ಮರುದಿನ ಅರ್ಧ, ಆಮೇಲೆ ಪೂರ್ತಿ ತುಂಬಿ ಎರಡು ದಿನ ಬಿಡಿರಿ. ಬೇಸಿಗೆಯಲ್ಲಿ ನೀರು ಆವಿಯಾಗಿಯೂ ಇಳಿಯುವುದರಿಂದ ಮಟ್ಟ ತಗ್ಗಿದೆಯೆಂದು ಗಾಬರಿಯಾಗಬೇಡಿ. ಬೆರಳಿನಿಂದ ಮುಟ್ಟಿ ನೋಡಬೇಕಾದುದು ಆ ಪತ್ರಿಕೆಯ ಹಾಳೆಯನ್ನು.