ರಸ್ತೆ ಯಾರ ಹೆಸರಿನಲ್ಲಿದೆ?

ನಗರ, ನಿವೇಶನ, ನಿಯಮ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ತಂದೆ 2004ರಲ್ಲಿ ದಾಸರಹಳ್ಳಿ ಕಡೆ 30×40 ನಿವೇಶನ ಕೊಂಡರು. ನೋಂದಣಿ ಆಗಿದೆ, ಮುದ್ರಾಂಕ ಶುಲ್ಕ ಕಟ್ಟಿದ್ದೇವೆ, ಒಂದು ವರ್ಷವೂ ತಪ್ಪದೆ ಆಸ್ತಿ ತೆರಿಗೆ ಕಟ್ಟಿದ ರಸೀದಿಗಳಿವೆ. ಆದರೆ ನಮ್ಮದು ಬಿ ಖಾತಾ. ಮೇಲಂತಸ್ತು ಕಟ್ಟಲು ಸಾಲ ಕೇಳಿದರೆ ಬ್ಯಾಂಕಿನವರು ತಲೆ ಅಲ್ಲಾಡಿಸುತ್ತಾರೆ. ಇಷ್ಟು ವರ್ಷ ತೆರಿಗೆ ತೆಗೆದುಕೊಂಡು ಈಗ ಅಕ್ರಮ ಎನ್ನುವುದು ಯಾವ ನ್ಯಾಯ?
(ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಕ್ರಯಪತ್ರವನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಕೊನೆಯ ಭಾಗದಲ್ಲಿ ಚಕ್ಕುಬಂದಿ ಬರೆದಿರುತ್ತಾರೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂತಿಷ್ಟನೇ ನಂಬರಿನ ನಿವೇಶನ, ಉತ್ತರಕ್ಕೆ ಇಂಥವರ ಸ್ವತ್ತು. ಆ ‘ರಸ್ತೆ’ ಎಂಬ ಪದದ ಮೇಲೆ ಬೆರಳಿಡಿ. ಅದು ಯಾರ ರಸ್ತೆ? ಅಧಿಕೃತ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ಶಾಲೆ ಆಸ್ಪತ್ರೆಗೆ ಬಿಟ್ಟ ಜಾಗ ಇವನ್ನೆಲ್ಲ ಮಾಲೀಕರು ಪರಿತ್ಯಾಜನಾ ಪತ್ರದ ಮೂಲಕ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಟ್ಟಿರುತ್ತಾರೆ. ಅನುಮೋದನೆ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದ ಕಂದಾಯ ನಿವೇಶನಗಳಲ್ಲಿ ಅದು ಆಗಿರುವುದಿಲ್ಲ. ಹಳೆಯ ಪಹಣಿ ತೆಗೆಸಿ ನೋಡಿದರೆ ನಿಮ್ಮ ಮನೆಯ ಮುಂದಿನ ಡಾಂಬರು ರಸ್ತೆ ಕಾಗದದಲ್ಲಿ ಇನ್ನೂ ರಾಗಿ ಬೆಳೆಯುವ ಹೊಲವೇ ಆಗಿರಬಹುದು.

ಬಿ ಖಾತಾದ ಮೂಲ ಇಲ್ಲಿದೆ. ಖಾತೆ ಎಂದರೆ ಲೆಕ್ಕ, ಅಷ್ಟೇ. ಯಾವ ಸ್ವತ್ತಿಗೆ ಯಾರಿಂದ ತೆರಿಗೆ ವಸೂಲಿ ಮಾಡಬೇಕು ಎಂಬ ಪುಸ್ತಕ ಅದು. ಅನುಮೋದನೆ ಇಲ್ಲದ ಸ್ವತ್ತುಗಳಿಂದಲೂ ತೆರಿಗೆ ಬರಲಿ, ಆದರೆ ಅದರಿಂದ ಅವು ಸಕ್ರಮವಾದಂತೆ ಆಗದಿರಲಿ ಎಂದು ಇನ್ನೊಂದು ಪುಸ್ತಕ ಇಟ್ಟರು. ಅದು ‘ಬಿ’ ವಹಿ. ಜನರ ಬಾಯಲ್ಲಿ ಅದು ಬಿ ಖಾತಾ ಆಯಿತು, ಉಳಿದದ್ದಕ್ಕೆ ಎ ಖಾತಾ ಎಂಬ ಹೆಸರು ತಾನಾಗಿ ಬಂತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಇಂಥ ಸ್ವತ್ತುಗಳು ಲಕ್ಷಗಟ್ಟಲೆ ಒಳಗೆ ಬಂದವು. ನಿಮ್ಮ ದಾಸರಹಳ್ಳಿಯೂ ಆ ಏಳು ನಗರಸಭೆಗಳಲ್ಲಿ ಒಂದು.

ನ್ಯಾಯದ ಮಾತಿಗೆ ಬರೋಣ. ನೋಂದಣಿ ಇಲಾಖೆ ಮುದ್ರಾಂಕ ಶುಲ್ಕ ತೆಗೆದುಕೊಂಡಿತು, ಪಾಲಿಕೆ ತೆರಿಗೆ ತೆಗೆದುಕೊಂಡಿತು, ವಿದ್ಯುತ್ ಕಂಪನಿ ಮೀಟರ್ ಕೂರಿಸಿತು. ಬೇಡ ಎಂದದ್ದು ಯೋಜನಾ ಇಲಾಖೆ ಮಾತ್ರ. ಅದೂ ಮಾರಿದವನಿಗಲ್ಲ, ಕೊಂಡ ನಿಮಗೆ. ನಿಮ್ಮ ಸಿಟ್ಟು ಸರಿಯಾಗಿದೆ. ಆದರೆ ಒಂದು ಲೆಕ್ಕವನ್ನೂ ನೋಡಿ.

ಒಂದು ಎಕರೆ ಎಂದರೆ 43,560 ಚದರ ಅಡಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಯಲ್ಲಿ ಉದ್ಯಾನ ಮತ್ತು ಆಟದ ಮೈದಾನಕ್ಕೆ ಕನಿಷ್ಠ ಶೇ 15, ನಾಗರಿಕ ಸೌಲಭ್ಯಕ್ಕೆ ಇನ್ನೂ ಶೇ 10 ಬಿಡಬೇಕು ಎನ್ನುತ್ತದೆ 1976ರ ಬಿಡಿಎ ಕಾಯ್ದೆ. ರಸ್ತೆ ಬೇರೆ. ಎಲ್ಲ ಕಳೆದು ಅರ್ಧ ಉಳಿಯಿತು ಎನ್ನಿ, 30×40ರ ಹದಿನೆಂಟು ನಿವೇಶನ ಸಿಗುತ್ತವೆ. ಉದ್ಯಾನವೂ ಇಲ್ಲ, ಶಾಲೆಯ ಜಾಗವೂ ಇಲ್ಲ, ಇಪ್ಪತ್ತು ಅಡಿಯ ಓಣಿಗೆ ಕಾಲು ಭಾಗ ಬಿಟ್ಟರೆ ಸಾಕು ಎಂದರೆ ಅದೇ ಎಕರೆಯಲ್ಲಿ ಇಪ್ಪತ್ತೇಳು. ಆ ಹೆಚ್ಚುವರಿ ಒಂಬತ್ತು ನಿವೇಶನಗಳೇ ಕಂದಾಯ ಬಡಾವಣೆಯ ವ್ಯಾಪಾರ. ನಾನು ಯೋಜನಾ ಕಚೇರಿಯಲ್ಲಿದ್ದ ಕಾಲದಲ್ಲಿ ಇಂಥ ನಕ್ಷೆಗಳು ಮೇಜಿಗೆ ಬರುತ್ತಿದ್ದವು. ಮೊದಲ ಪ್ರತಿಯಲ್ಲಿ ಮೂಲೆಯೊಂದಕ್ಕೆ ಹಸಿರು ಬಣ್ಣ ಬಳಿದು ‘ಪಾರ್ಕ್’ ಎಂದು ಬರೆದಿರುತ್ತಿತ್ತು. ಎರಡು ವರ್ಷದ ನಂತರದ ಪ್ರತಿಯಲ್ಲಿ ಅದೇ ಹಸಿರಿನ ಮೇಲೆ 61ಎ, 61ಬಿ, 61ಸಿ. ನಿವೇಶನದ ಸಂಖ್ಯೆಯ ಪಕ್ಕ ಅಕ್ಷರ ಕಂಡರೆ ಈಗಲೂ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ನಿಮ್ಮ ತಂದೆಗೆ ನಿವೇಶನ ಅಗ್ಗಕ್ಕೆ ಸಿಕ್ಕಿದ್ದು ಆ ಪಾರ್ಕಿನ ಲೆಕ್ಕದಲ್ಲಿ.

ಹಾಗೆಂದು ಅವರು ಬೇರೆಲ್ಲಿ ಕೊಳ್ಳಬೇಕಿತ್ತು? ಇದನ್ನು ಕೇಳುವವರು ಕಡಿಮೆ. ಮಧ್ಯಮ ವರ್ಗಕ್ಕೆ ನಿವೇಶನ ಹಂಚಬೇಕಾದ ಬಿಡಿಎಯ ಗತಿ ನೋಡಿ. ಅರ್ಕಾವತಿ ಬಡಾವಣೆಗೆ 2003ರಲ್ಲಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಬಂತು. ಆಮೇಲೆ ಆ ತುಂಡು ಕೈಬಿಟ್ಟರು, ಈ ತುಂಡು ಕೈಬಿಟ್ಟರು ಎಂಬ ಆರೋಪ, ಅದಕ್ಕೊಂದು ವಿಚಾರಣಾ ಆಯೋಗ. ಆ ಹೊತ್ತಿಗೆ ‘ಡಿನೋಟಿಫಿಕೇಷನ್’ (ಸ್ವಾಧೀನದಿಂದ ಕೈಬಿಡುವುದು) ಎಂಬ ಪದ ಹಳ್ಳಿಯ ಅರಳಿಕಟ್ಟೆಯಲ್ಲೂ ಎಲ್ಲರಿಗೂ ಅರ್ಥವಾಗುತ್ತಿತ್ತು. ಶಿವರಾಮ ಕಾರಂತ ಬಡಾವಣೆಯ ಕಥೆ ಇನ್ನೂ ವಿಚಿತ್ರ. 2008ರ ಡಿಸೆಂಬರಿನಲ್ಲಿ 17 ಹಳ್ಳಿಗಳ 3,546 ಎಕರೆಗೆ ಅಧಿಸೂಚನೆ ಹೊರಟಿತು, ಮುಂದೆ ಹೋಗಲಿಲ್ಲ. ಭೂಸ್ವಾಧೀನ ಮುಂದುವರಿಯಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಆಗಸ್ಟ್‌ನಲ್ಲಿ. ನಡುವಿನ ಹತ್ತು ವರ್ಷ ಅಲ್ಲಿ ನಿವೇಶನ ಮಾರಿದರು, ಕೊಂಡರು, ಮನೆ ಕಟ್ಟಿದರು, ಗೃಹಪ್ರವೇಶ ಮಾಡಿದರು. ಕೊನೆಗೆ ಆ ಮನೆಗಳಲ್ಲಿ ಯಾವುದನ್ನು ಉಳಿಸಬಹುದು ಎಂದು ನೋಡಲು ನಿವೃತ್ತ ನ್ಯಾಯಮೂರ್ತಿಯೊಬ್ಬರ ನೇತೃತ್ವದ ಸಮಿತಿಯನ್ನೇ ನೇಮಿಸಬೇಕಾಯಿತು.

ಸರ್ಕಾರ ಕೊಡದ ನಿವೇಶನವನ್ನು ಊರಿನ ಮುಖಂಡ ಕೊಟ್ಟ. ನನ್ನ ಮಟ್ಟಿಗೆ ಇದೇ ಬೆಂಗಳೂರಿನ ಸ್ಥಳೀಯ ರಾಜಕೀಯದ ಬೇರು. ಅಧಿಕೃತ ಬಡಾವಣೆಯವನಿಗೆ ನೀರು, ಚರಂಡಿ, ದೀಪ ಹಕ್ಕು. ಕಂದಾಯ ಬಡಾವಣೆಯವನಿಗೆ ಅವು ಉಪಕಾರ. ಕೊಳವೆಬಾವಿ ಕೊರೆಸಿದಾಗ ಅದರ ಪಕ್ಕ ಒಬ್ಬರ ಹೆಸರಿನ ಫಲಕ ಏಳುತ್ತದೆ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂಬುದು ನೀರುಗಂಟಿಗೆ ಗೊತ್ತು, ನೀರುಗಂಟಿ ಯಾರ ಮಾತು ಕೇಳುತ್ತಾನೆ ಎಂಬುದು ಬೀದಿಗೆಲ್ಲ ಗೊತ್ತು. ಇಂಥ ಕಡೆ ಮನೆ ಕೆಡವುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ಇರಲೂಬಾರದು. ಪೂರ್ತಿ ಸಕ್ರಮ ಮಾಡಿ ಕೈತೊಳೆದುಕೊಳ್ಳುವ ಆತುರವೂ ಯಾರಲ್ಲೂ ಕಾಣಲಿಲ್ಲ. ಅಕ್ರಮ ಸಕ್ರಮ ಯೋಜನೆ ಚುನಾವಣೆಯಿಂದ ಚುನಾವಣೆಗೆ ನಡೆದು ಬಂತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು.

ಈಗ ನಿಮ್ಮ ಕೆಲಸದ ವಿಷಯ. 2,000 ಚದರ ಮೀಟರ್‌ವರೆಗಿನ ಬಿ ಖಾತಾ ನಿವೇಶನಗಳಿಗೆ ಎ ಖಾತಾ ಕೊಡುವ ಯೋಜನೆಯನ್ನು ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಆಗ ಹೇಳಿದ ಶುಲ್ಕ, ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಮೌಲ್ಯದ ಶೇ 5. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ದರವನ್ನು ಇನ್ನೊಮ್ಮೆ ನೋಡಿಕೊಳ್ಳಿ. ನಿಮ್ಮ ನಿವೇಶನ ಸುಮಾರು 111 ಚದರ ಮೀಟರ್, ಆ ಮಿತಿಯ ಒಳಗೇ ಇದೆ. ಒಂದು ಎಚ್ಚರಿಕೆ: ಸಕ್ರಮವಾಗುವುದು ನಿವೇಶನ. ಮನೆಯನ್ನು ನಕ್ಷೆ ಇಲ್ಲದೆ ಕಟ್ಟಿದ್ದರೆ ಆ ಉಲ್ಲಂಘನೆ ಹಾಗೆಯೇ ಉಳಿಯುತ್ತದೆ. ಮೇಲಂತಸ್ತಿನ ಸಾಲಕ್ಕೆ ಬ್ಯಾಂಕ್ ಕೇಳುವುದು ಎ ಖಾತಾ, ಮಂಜೂರಾದ ನಕ್ಷೆ ಎರಡನ್ನೂ. ದಲ್ಲಾಳಿಗಳು ಈ ವ್ಯತ್ಯಾಸ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ಪಕ್ಕದ 30×40ರಲ್ಲಿ ಒಂದಿಂಚೂ ಜಾಗ ಬಿಡದೆ ಕಟ್ಟುತ್ತಿದ್ದಾರೆ. ಕೇಳಿದರೆ, ‘ಈಗ ಓಸಿ ಬೇಕಿಲ್ಲ, ಸರ್ಕಾರವೇ ವಿನಾಯಿತಿ ಕೊಟ್ಟಿದೆ’ ಎನ್ನುತ್ತಾರೆ. ನಿಜವೇ?
(ಓದುಗರು, ಬೆಂಗಳೂರು)

ಉತ್ತರ: ಅರ್ಧ ನಿಜ. ಸ್ವಾಧೀನ ಪ್ರಮಾಣಪತ್ರ, ಅಂದರೆ ಓಸಿ, ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. ಅದು ಉತ್ತರಪ್ರದೇಶದ ಪ್ರಕರಣ, ಆದರೆ ಬಿಸಿ ತಟ್ಟಿದ್ದು ಇಲ್ಲಿಗೆ. ಕಟ್ಟಿ ಮುಗಿದ ಮನೆಗಳು ಮೀಟರ್ ಇಲ್ಲದೆ ನಿಂತವು. ಗದ್ದಲ ಎದ್ದ ಮೇಲೆ, 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಅಂತಸ್ತು, ಇಲ್ಲವೇ ವಾಹನ ನಿಲುಗಡೆಯ ಮೇಲೆ ಮೂರು ಅಂತಸ್ತು ಇರುವ ಮನೆಗಳಿಗೆ ಓಸಿ ಬೇಡ ಎಂದು ಸರ್ಕಾರ ವಿನಾಯಿತಿ ಕೊಟ್ಟಿತು. ವಿನಾಯಿತಿ ಓಸಿಗೆ ಮಾತ್ರ. ನಕ್ಷೆ ಮಂಜೂರಾತಿಗೂ ಅಲ್ಲ, ಸುತ್ತ ಬಿಡಬೇಕಾದ ಜಾಗಕ್ಕೂ ಅಲ್ಲ.

ಇದರೊಳಗೊಂದು ತಮಾಷೆ ಇದೆ. 2015ರ ಮಹಾಯೋಜನೆಯ (ನಗರದ ಮಾಸ್ಟರ್ ಪ್ಲಾನ್) ಮೂಲ ನಿಯಮದಂತೆ ಇಷ್ಟು ಚಿಕ್ಕ ನಿವೇಶನದಲ್ಲಿ ನೆಲದ ಮುಕ್ಕಾಲು ಭಾಗದ ಮೇಲೆ ಕಟ್ಟಬಹುದು. ಎಲ್ಲ ಅಂತಸ್ತು ಸೇರಿ ನಿವೇಶನದ 1.75 ಪಟ್ಟು ಮೀರಬಾರದು. ಎಂದರೆ ಒಂದಂತಸ್ತು 900 ಚದರ ಅಡಿ, ಒಟ್ಟು 2,100. ಮೂರು ಅಂತಸ್ತನ್ನು ಪೂರ್ತಿ ಕಟ್ಟಿದರೆ 2,700. ಹೀಗೆ ವಿನಾಯಿತಿ ಪಡೆಯುವ ಮನೆ, ವಿನಾಯಿತಿಯ ತುದಿಯವರೆಗೆ ಕಟ್ಟಿದರೆ, ಮೂಲ ನಿಯಮವನ್ನು ಮುರಿಯುತ್ತದೆ. ಬಲಗೈ ಬರೆದದ್ದನ್ನು ಎಡಗೈ ಓದಿಲ್ಲ.

ನೀವು ಮಾಡಬೇಕಾದದ್ದು: ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಡಿಪಾಯದ ಹಂತದಲ್ಲೇ ಕೊಡಿ. ತಾರಸಿ ಬಿದ್ದ ಮೇಲೆ ದೂರು ಕಡತವಾಗುತ್ತದೆಯೇ ಹೊರತು ಕೆಲಸವಾಗುವುದಿಲ್ಲ.

ಪ್ರಶ್ನೆ: ‘2015ರ ಮಹಾಯೋಜನೆ’ ಎಂದು ಈಗಲೂ ಹೇಳುತ್ತೀರಿ. ಅದರ ಅವಧಿ ಮುಗಿದಿಲ್ಲವೇ? ನಮ್ಮ ಬೀದಿ ಹೇಗಿರಬೇಕು ಎಂದು ಈಗ ತೀರ್ಮಾನಿಸುವವರು ಯಾರು?
(ಕಾಲೇಜು ಉಪನ್ಯಾಸಕರು, ಬೆಂಗಳೂರು)

ಉತ್ತರ: ಆ ಯೋಜನೆಗೆ ಅಂಕಿತ ಬಿದ್ದದ್ದು 2007ರಲ್ಲಿ, ಹೆಸರಿನಲ್ಲೇ ಇರುವ ವರ್ಷ 2015. 2031ರವರೆಗಿನ ಕರಡನ್ನು 2017ರ ಕೊನೆಗೆ ಪ್ರಕಟಿಸಿ, ಆಕ್ಷೇಪಣೆ ಕರೆದು, 2020ರಲ್ಲಿ ಕೈಬಿಟ್ಟರು. ಹೊಸದು ಬರುವತನಕ ಹಳೆಯದೇ ಆಧಾರ. ಬೈಯಪ್ಪನಹಳ್ಳಿಯಿಂದ ಮೊದಲ ಮೆಟ್ರೊ ರೈಲೂ ಓಡದ ಕಾಲದ ನಕ್ಷೆಯಿಂದ ಊರು ಬೆಳೆಯುತ್ತಿದೆ.

ತೀರ್ಮಾನಿಸುವವರು ಯಾರು ಎಂಬುದಕ್ಕೆ ಸಂವಿಧಾನದಲ್ಲಿ ಉತ್ತರವಿದೆ. 74ನೇ ತಿದ್ದುಪಡಿಯ ಪ್ರಕಾರ ಮಹಾನಗರ ಯೋಜನಾ ಸಮಿತಿಯ ಕನಿಷ್ಠ ಮೂರನೇ ಎರಡು ಭಾಗ ಸದಸ್ಯರನ್ನು ಪಾಲಿಕೆ ಸದಸ್ಯರೂ ಪಂಚಾಯಿತಿ ಅಧ್ಯಕ್ಷರೂ ತಮ್ಮೊಳಗಿಂದ ಆರಿಸಬೇಕು. ಬೆಂಗಳೂರಿನಲ್ಲಿ ಸಮಿತಿ ರಚನೆಯಾಗಿದ್ದೇ 2014ರಲ್ಲಿ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರ್ ಎಂದರೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ, ಕಾರಣವೂ ಇದೆ. ಆದರೆ ಆ ಐದು ವರ್ಷದಲ್ಲಿ ಗುಂಡಿ ಮುಚ್ಚುವುದಕ್ಕೂ ಶಾಸಕರ ಮನೆ ಬಾಗಿಲಿಗೇ ಹೋದೆವು. ಶಾಸಕರಿಗೆ ಇದು ಅನನುಕೂಲವೇನೂ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು ಐದಾಗಿ ಒಡೆದು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದರು. ಅದರ ಅಧ್ಯಕ್ಷರು ಮುಖ್ಯಮಂತ್ರಿ. ನಿಮ್ಮ ಬೀದಿಗೂ ಆ ಕುರ್ಚಿಗೂ ಇರುವ ದೂರವನ್ನು ನೀವೇ ಅಳೆಯಿರಿ.

ಪ್ರಶ್ನೆ: ನಾನು ಶಾರ್ಜಾದಲ್ಲಿದ್ದೇನೆ. ದೇವನಹಳ್ಳಿ ಕಡೆ ನಿವೇಶನ ನೋಡಿದ್ದೇವೆ, ‘ಪಂಚಾಯಿತಿ ಖಾತಾ ಇದೆ, ಇಸಿ ಚೊಕ್ಕವಾಗಿದೆ’ ಎನ್ನುತ್ತಾರೆ. ಸಾಕೇ?

ಉತ್ತರ: ಸಾಲದು. ಪಂಚಾಯಿತಿ ಖಾತಾ ಎಂದರೆ ಯಾವ ನಮೂನೆ ಎಂದು ಕೇಳಿ. ನಮೂನೆ 9 ಮತ್ತು 11ಎ ಬೇರೆ, 11ಬಿ ಬೇರೆ. 11ಬಿ ಎಂದರೆ ಹಳ್ಳಿಯ ಬಿ ಖಾತಾ ಎಂದುಕೊಳ್ಳಿ. ಇಸಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು. ಭೂಪರಿವರ್ತನೆ ಆಗಿದೆಯೇ, ಬಡಾವಣೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಸರ್ವೆ ನಂಬರು ಯಾವುದಾದರೂ ಭೂಸ್ವಾಧೀನದ ಅಧಿಸೂಚನೆಯಲ್ಲಿ ಇದೆಯೇ ಎಂಬುದನ್ನೂ ಬೇರೆಯಾಗಿಯೇ ತಪಾಸಣೆ ಮಾಡಿಸಬೇಕು. ಶಿವರಾಮ ಕಾರಂತ ಬಡಾವಣೆಯ ಹಳ್ಳಿಗಳಲ್ಲಿ ಕೊಂಡವರನ್ನು ಕೇಳಿದರೆ ಹೇಳುತ್ತಾರೆ.

ಜಿಲ್ಲಾಧಿಕಾರಿಗಳ ಪರಿವರ್ತನಾ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ನಿವೇಶನ ಬಿಡುಗಡೆ ಪತ್ರ, ರಸ್ತೆ ಮತ್ತು ಉದ್ಯಾನದ ಪರಿತ್ಯಾಜನಾ ಪತ್ರ ಇವುಗಳ ಪ್ರತಿ ಕೇಳಿ. ಮೂಲ ಕಚೇರಿಯಲ್ಲಿ ಪರಿಶೀಲಿಸುವ ತನಕ ಮುಂಗಡ ಕೊಡಬೇಡಿ. ಊರಿನಲ್ಲಿರುವ ಅಣ್ಣನನ್ನೋ ಭಾವನನ್ನೋ ಒಮ್ಮೆ ನಕ್ಷೆ ಹಿಡಿದು ಸ್ಥಳಕ್ಕೆ ಕಳುಹಿಸಿ. ನಿಮಗೆ ತೋರಿಸಿದ ನಿವೇಶನವನ್ನಲ್ಲ, ನಕ್ಷೆಯಲ್ಲಿ ಹಸಿರು ಬಳಿದ ಮೂಲೆಯನ್ನು ನೋಡಿ ಬರಲಿ. ಅಲ್ಲಿ ಕಲ್ಲು ನೆಟ್ಟು ಸಂಖ್ಯೆ ಬರೆದಿದ್ದರೆ ಅದರ ಫೋಟೊ ತೆಗೆದುಕೊಳ್ಳಲಿ.