ಶಾಲೆಯ ಲೈಬ್ರರಿಗೆ ಯಾವ ಅಳತೆ?

(ಕಾಪು ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಟೀಚರ್ ಒಬ್ಬರು ಬರೆದ ಪತ್ರದ ಸಾರ: ಮುಂಬೈಯಲ್ಲಿ ಹೋಟೆಲು ನಡೆಸುವ ಹಳೆ ವಿದ್ಯಾರ್ಥಿಯೊಬ್ಬರು ನಮ್ಮ ಲೈಬ್ರರಿಗೆ ದುಡ್ಡು ಕೊಡುತ್ತೇನೆ ಎಂದಿದ್ದಾರೆ. ಪುಸ್ತಕ ಜಾಸ್ತಿ ಮಾಡೋಣ, ರಿಜಿಸ್ಟರಿನಲ್ಲಿ ಸಂಖ್ಯೆ ಕಾಣಬೇಕು ಎನ್ನುತ್ತಾರೆ ಹೆಡ್ಮಾಸ್ಟ್ರು. ಶಾಲೆಯ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿಯವರಿಗೆ ಟ್ಯಾಬ್ ಇರುವ ಡಿಜಿಟಲ್ ಲೈಬ್ರರಿ ಬೇಕು. ತರಬೇತಿಗೆ ಬಂದವರು, ಪುಸ್ತಕ ಎಣಿಸುವ ಕಾಲ ಹೋಯಿತು, ಮಗು ಏನು ಕಲಿಯಿತು ಅಂತ ನೋಡಿ ಎಂದರು. ಇದರಲ್ಲಿ ಸರಿಯಾದ ಮಾನದಂಡ ಯಾವುದು?)

ಟೀಚರೇ,

ಮೂವರೂ ಹೇಳುತ್ತಿರುವುದು ಮಾನದಂಡವೇ. ಆದರೆ ಒಬ್ಬೊಬ್ಬರದು ಒಂದೊಂದು ಕಾಲದ್ದು. ನಿಮ್ಮ ಹೆಡ್ಮಾಸ್ಟ್ರದು 1920ರದ್ದು, ಎಸ್‌ಡಿಎಂಸಿಯವರದು 1969ರದ್ದು, ತರಬೇತಿಯವರದು 1988ರಿಂದ ಈಚಿನದು.

ಇವು ಅಮೆರಿಕದ ಇಸವಿಗಳು. ಶಾಲಾ ಲೈಬ್ರರಿ ಹೀಗೆ ಇರಬೇಕು ಎಂದು ಮೊದಲು ಬರೆದಿಟ್ಟವರಲ್ಲಿ ಅಲ್ಲಿನವರೂ ಸೇರುತ್ತಾರೆ. ಚಾರ್ಲ್ಸ್ ಸರ್ಟೆನ್ ಎಂಬವರ ಸಮಿತಿ 1918ರಲ್ಲಿ ಹೈಸ್ಕೂಲುಗಳಿಗೆಂದು ಮಾಡಿದ ವರದಿಯನ್ನು ಅಲ್ಲಿನ ಲೈಬ್ರರಿ ಸಂಘ 1920ರಲ್ಲಿ ಅಚ್ಚು ಹಾಕಿಸಿತು. ಕೋಣೆ, ಕಪಾಟು, ಪುಸ್ತಕ, ವರ್ಷದ ಖರ್ಚು ಎಲ್ಲಕ್ಕೂ ಅದರಲ್ಲಿ ಲೆಕ್ಕ ಇತ್ತು. 1960ರ ಮಾನದಂಡ ಇನ್ನೂ ಧಾರಾಳ. 200ರಿಂದ 999 ಮಕ್ಕಳಿರುವ ಶಾಲೆಗೆ 6,000ದಿಂದ 10,000 ಪುಸ್ತಕ ಬೇಕು ಎಂದಿತು. ಅದು ಕಾಗದದಲ್ಲೇ ಉಳಿಯಲಿಲ್ಲ. 1965ರ ಶಿಕ್ಷಣ ಕಾಯಿದೆಯಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಶಾಲಾ ಲೈಬ್ರರಿಗಳಿಗೆ ದುಡ್ಡು ತೆಗೆದಿಟ್ಟಿತು. 1969ರಲ್ಲಿ ಫಿಲ್ಮು, ರೆಕಾರ್ಡುಗಳೂ ಸೇರಿ ಲೈಬ್ರರಿಯ ಹೆಸರೇ ‘ಮೀಡಿಯಾ ಸೆಂಟರ್’ ಆಯಿತು. ಇಂದಿನ ಟ್ಯಾಬ್ ಮೋಹದ ಅಜ್ಜ ಅಂತಿಟ್ಟುಕೊಳ್ಳಿ. 1988ರ ಮಾನದಂಡದ ಹೊತ್ತಿಗೆ ಎಣಿಕೆ ಹಿಂದೆ ಸರಿಯಿತು. ಲೈಬ್ರೇರಿಯನ್ ಎಂದರೆ ಪಾಠ ಮಾಡುವವರೂ ಹೌದು, ಬೇರೆ ಟೀಚರುಗಳ ಜತೆ ಕೂತು ಪಾಠ ಯೋಜಿಸುವವರೂ ಹೌದು ಎಂಬ ಮಾತು ಮುಂದೆ ಬಂತು. ಆಮೇಲಿನ ಆವೃತ್ತಿಗಳಲ್ಲಿ ಮಗು ಹೇಗೆ ಪ್ರಶ್ನೆ ಕೇಳುತ್ತದೆ, ಸಿಕ್ಕಿದ ಮಾಹಿತಿಯನ್ನು ಹೇಗೆ ಆರಿಸುತ್ತದೆ ಎಂಬುದೇ ಮುಖ್ಯ.

ಇಲ್ಲಿ ಒಂದು ವಿಷಯ ತರಬೇತಿಯವರು ಬಿಟ್ಟಿದ್ದಾರೆ. ಅಲ್ಲಿನವರು ಎಣಿಸುವುದನ್ನು ಬಿಟ್ಟದ್ದು ಅರುವತ್ತು ವರ್ಷಗಳಿಗೂ ಜಾಸ್ತಿ ಎಣಿಸಿ, ತುಂಬಿಸಿದ ಮೇಲೆ. ನಾವು ತುಂಬಿಸುವ ಮೊದಲೇ ಎಣಿಕೆ ಹಳತಾಯಿತು ಎಂದರೆ ಸುಮ್ನೆ ಜವಾಬ್ದಾರಿ ತಪ್ಪಿಸಿಕೊಂಡಂತೆ. ಇನ್ನೊಂದು, ಇಷ್ಟು ಬದಲಾದರೂ ಆ ಮಾನದಂಡಗಳಿಂದ ಒಂದು ಬೇಡಿಕೆ ಕೈಬಿಟ್ಟು ಹೋಗಲೇ ಇಲ್ಲ: ತರಬೇತಿ ಪಡೆದ ಒಬ್ಬ ಮನುಷ್ಯ. ಶಾಲಾ ಲೈಬ್ರರಿಗಳ ಬಗ್ಗೆ 1999ರಲ್ಲಿ ಬಂದ ಯುನೆಸ್ಕೊ ಪ್ರಣಾಳಿಕೆಯೂ ಅದನ್ನೇ ಹೇಳುತ್ತದೆ.

ನಮ್ಮಲ್ಲಿ? ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಲೈಬ್ರರಿಗೆ ಐದು ಸೂತ್ರ ಬರೆದರು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದೇ ಮೊದಲನೆಯದು. ಪ್ರೌಢಶಿಕ್ಷಣದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ 1952-53ರ ಮುದಲಿಯಾರ್ ಆಯೋಗ ಪ್ರೌಢಶಾಲೆಗಳನ್ನು ನೋಡಿ ಬರೆದದ್ದನ್ನು ಇವತ್ತು ಓದಿದರೂ ನಾಚಿಕೆಯಾಗುತ್ತದೆ: ಹಳೆಯ, ಮಕ್ಕಳ ಅಭಿರುಚಿ ನೋಡದೆ ತಂದ ಪುಸ್ತಕಗಳು, ಅಂದಗೆಟ್ಟ ಕೋಣೆಯ ಕೆಲವೇ ಕಪಾಟು, ನೋಡಿಕೊಳ್ಳಲು ಒಬ್ಬ ಗುಮಾಸ್ತ ಅಥವಾ ಆಸಕ್ತಿಯಿಲ್ಲದ ಮಾಸ್ಟ್ರು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಲೈಬ್ರರಿ ಬೇಕು, ಪತ್ರಿಕೆ, ಕಥೆಪುಸ್ತಕ ಇರಬೇಕು ಎಂದಿತು. ಆರರಿಂದ ಎಂಟನೇ ತರಗತಿಯಲ್ಲಿ ಮಕ್ಕಳು ನೂರಕ್ಕಿಂತ ಜಾಸ್ತಿ ಇದ್ದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರು ಬೇಕು ಎಂದೂ ಅದೇ ಕಾಯಿದೆಯ ಪಟ್ಟಿಯಲ್ಲಿದೆ. ಲೈಬ್ರೇರಿಯನ್ ಮಾತ್ರ ಇಲ್ಲ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ 5,000ದಿಂದ 20,000 ರೂಪಾಯಿವರೆಗೆ ಲೈಬ್ರರಿ ಅನುದಾನ ಇದೆ. ಅದು ಪುಸ್ತಕಕ್ಕೆ.

ಮನುಷ್ಯರಿಲ್ಲದ ಕಡೆ ಎಣಿಕೆ ಏನು ಮಾಡುತ್ತದೆ ಗೊತ್ತಲ್ವಾ? ಪುಸ್ತಕ ಯಾರೋ ಒಬ್ಬ ಟೀಚರ ಚಾರ್ಜಿಗೆ ಬರುತ್ತದೆ. ವರ್ಗವಾದಾಗ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಕಡಿಮೆಯಾದರೆ ಕೈಯಿಂದ ಕಟ್ಟಬೇಕೇನೋ ಎಂಬ ಹೆದರಿಕೆ. ಹಾಗಾಗಿ ಬೀಗ. ಜುಲೈ ತಿಂಗಳಲ್ಲಿ ಅಂಥ ಒಂದು ಕಪಾಟು ತೆರೆಸಿ ನೋಡಿದ್ದೇನೆ. ಪುಟಗಳು ಒಂದಕ್ಕೊಂದು ಅಂಟಿದ್ದವು, ರಟ್ಟಿನ ಮೇಲೆ ಬಿಳಿ ಬೂಷ್ಟು. ಒಳಗೆ ಬ್ಯಾಂಕ್ ಪರೀಕ್ಷೆಯ ಗೈಡುಗಳು, ಯಾವುದೋ ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆಯ ಹಲವು ಪ್ರತಿಗಳು. ರಿಜಿಸ್ಟರಿನಲ್ಲಿ ಎಲ್ಲಕ್ಕೂ ನಂಬರು ಬಿದ್ದಿತ್ತು! ಒಂದನೇ ತರಗತಿಯ ಮಗು ಓದುವ ಚಿತ್ರಪುಸ್ತಕ ಒಂದೂ ಕಾಣಲಿಲ್ಲ.

ಆದ್ದರಿಂದ ನನ್ನ ಉತ್ತರ: ದಾನಿಯ ದುಡ್ಡಿನ ದೊಡ್ಡ ಪಾಲು ಒಬ್ಬರ ಗೌರವಧನಕ್ಕೆ ಹೋಗಲಿ. ನಮ್ಮ ಊರುಗಳಲ್ಲಿ ಹಳೆ ವಿದ್ಯಾರ್ಥಿ ಸಂಘದವರು ಗೌರವ ಶಿಕ್ಷಕಿಯನ್ನು ಇಡುವುದು ಹೊಸತಲ್ಲ. ಹಾಗೆಯೇ ಲೈಬ್ರರಿಗೆ ಒಬ್ಬರನ್ನು ಇಡಿ. ಬಿ.ಲಿಬ್, ಅಂದರೆ ಲೈಬ್ರರಿ ವಿಷಯದ ಪದವಿ, ಮಾಡಿದವರು ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಮಕ್ಕಳ ಎದುರು ಗಟ್ಟಿಯಾಗಿ ಕಥೆ ಓದಬಲ್ಲವರು ಸಾಕು, ರಿಜಿಸ್ಟರ್ ಬರೆಯುವುದನ್ನು ಆಮೇಲೆ ಕಲಿತಾರು. ಪ್ರತಿ ತರಗತಿಗೂ ವಾರಕ್ಕೊಂದು ಪೀರಿಯಡ್ ಟೈಮ್‌ಟೇಬಲಿನಲ್ಲಿ ಬರಲಿ. ಹರಿದ, ಕಳೆದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಲೆಕ್ಕದಿಂದ ತೆಗೆಯಲು ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಮಾಡಿಸಿ ಇಲಾಖೆಗೆ ತಿಳಿಸಿ. ಇದಾಗದೆ ಬೀಗ ತೆರೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಪಂಚಾಯತ್ ಲೈಬ್ರರಿ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ, ಅದನ್ನೂ ಮಾಡಿಸಿ. ಉಳಿದ ದುಡ್ಡಿಗೆ ಪುಸ್ತಕ. ಅಂಗಡಿಗೆ ಹೋಗುವಾಗ ನಾಲ್ಕು ಮಕ್ಕಳನ್ನೂ ಕರೆದುಕೊಂಡು ಹೋಗಿ.

ಟ್ಯಾಬ್ ಬೇಡವೆಂದಲ್ಲ, ಅದರ ಮುಂದೆ ಮಕ್ಕಳನ್ನು ಕೂರಿಸಿ ಹೇಳಿಕೊಡುವ ಜನ ಮೊದಲು ಬರಲಿ. ಇನ್ನು ದಾನಿಗಳಿಗೆ ಹೆಸರು ಕಾಣಬೇಕೆಂಬ ಆಸೆ ಇದ್ದೇ ಇರುತ್ತದೆ, ತಪ್ಪೇನಿಲ್ಲ. ಗೌರವಧನದ ಮೇಲೆ ಬೋರ್ಡು ಹಾಕಲು ಬರುವುದಿಲ್ಲವಲ್ಲ, ಲೈಬ್ರರಿಯ ಬಾಗಿಲ ಮೇಲೆ ದೊಡ್ಡದಾಗಿಯೇ ಬರೆಸಿ. ಉದ್ಘಾಟನೆ ಮಾತ್ರ ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ.

– ಸಂ.